ತತ್ತಿ ಸಿಪ್ಪೆಯ ಬನ್ನು

ಮಗಳ ಕಾಲು ಸೊಟ್ಟಗೇ ಉಳಿದದ್ದಕ್ಕೆ ಅಕ್ಕ ಇವತ್ತಿಗೂ ಮಗಳನ್ನೇ ಬೈಯುತ್ತಾಳೆ. ಬೈಸಿಕೊಳ್ಳಬೇಕಾದವನು ನಾನು.

ಆಗ ನಾನು ವಾಡಿ ಊರಿನ ಒಂದು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದೆ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವನು. ಅಕ್ಕನನ್ನು ಶಹಾಬಾದಿಗೆ ಕೊಟ್ಟಿತ್ತು. ಭಾವ ಕಲ್ಲು ಪಾಲಿಶ್ ಮಾಡುವಲ್ಲಿ ಕೂಲಿ. ಅವರ ಮಗಳಿಗೆ ನಾಲ್ಕು ವರ್ಷ ತುಂಬಿದರೂ ಕಾಲು ಬಿಲ್ಲಿನ ಹಾಗೆ ಬಾಗಿದ್ದವು.

ದವಾಖಾನೆಯ ನರ್ಸಬಾಯಿ, "ಎಲುಬಿನಾಗ ಸುಣ್ಣ ಕಮ್ಮಿ ಅದ, ದಿನಾ ಹಾಲು ಕುಡಸ್ರಿ" ಅಂದಳು. ದಿನಾ ಹಾಲು ಎಲ್ಲಿಂದ ತರುವುದು? ನಾನು ಬೇಕರಿಯವನೆಂದು ತಿಳಿದು ಇನ್ನೊಂದು ದಾರಿ ಹೇಳಿಕೊಟ್ಟಳು. ಬಿಸಾಡುವ ತತ್ತಿ ಸಿಪ್ಪೆ ಆರಿಸಿ, ತೊಳೆದು, ಕುದಿಸಿ, ಒಣಗಿಸಿ, ಕಣ್ಣಿಗೆ ಹಚ್ಚುವ ಸುರಮಾದಷ್ಟು ನುಣ್ಣಗೆ ಅರೆದು, ಬಟ್ಟೆಯಲ್ಲಿ ಜರಡಿ ಹಿಡಿದು, ಚಿಟಿಕೆಯಷ್ಟು ಬನ್ನಿನ ಹಿಟ್ಟಿಗೆ ಸೇರಿಸಬೇಕು.

ಅಕ್ಕ ನನ್ನ ಕೈ ಹಿಡಿದಳು. "ಹೆಣ್ಣು ಕೂಸು, ತಮ್ಮಾ. ಅದರ ಕಾಲು ನಿನ್ನ ಕೈಯಾಗ ಅವ."

ಒಂದು ತಿಂಗಳು ಅರೆದೆ, ಬನ್ನು ಮಾಡಿ ಅಕ್ಕನ ಮನೆಗೆ ಮುಟ್ಟಿಸಿದೆ. ಬೇಕರಿಯ ಒಲೆ ನೋಡಿಕೊಳ್ಳುವ ಭಟ್ಟಿಯವನು ನಗುತ್ತಿದ್ದ: "ಏನಪಾ, ತತ್ತಿ ಸಾಹುಕಾರಗ, ಸಿಪ್ಪಿ ನಿಮ್ಮ ಮನಿಯವರಿಗಾ?" ನಾಚಿಕೆಯೂ ಆಯಿತು, ಬೇಸರವೂ ಆಯಿತು.

ಅದೇ ದಿನಗಳಲ್ಲಿ ಭಾವನ ಕೆಲಸದ ಜಾಗಕ್ಕೆ ಹೋಗಿದ್ದೆ. ಪಾಲಿಶ್ ನೀರು ಒಣಗಿ, ಕಲ್ಲಿನ ಪುಡಿ ಮೈದಾದ ಹಾಗೆ ಬಿದ್ದಿತ್ತು. ಇದೂ ಸುಣ್ಣದ ಕಲ್ಲೇ ಅಲ್ಲವೇ, ಯಾರೋ ನನಗಾಗಿ ಅರೆದು ಇಟ್ಟಿದ್ದಾರೆ ಅಂದುಕೊಂಡೆ. ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದೆ. ಆಮೇಲಿನ ಬನ್ನುಗಳಿಗೆಲ್ಲ ಅದೇ ಬಿತ್ತು.

ಒಂದು ಆದಿತ್ಯವಾರ ಅಕ್ಕನ ಮನೆಯಲ್ಲಿ ನನ್ನೆದುರಿಗೇ ಹುಡುಗಿ ಬನ್ನು ಕಚ್ಚಿ ಉಗುಳಿದಳು. "ಮಾಮಾ, ಕರಕರ ಅಂತದ. ಮೊದಲಿಂದು ಹಿಂಗಿದ್ದಿಲ್ಲ. ಹೊಟ್ಟಿ ನೋಯ್ತದ."

ಅಕ್ಕ ಕಪಾಳಕ್ಕೆ ಬಿಟ್ಟಳು. "ಮಾಮ ಕೈಗೆ ಬೊಬ್ಬಿ ಬರಂಗ ಅರ್ದಾನ, ಉಗುಳತಿ? ನುಂಗು!" ಮೂಗು ಹಿಡಿದು ತುತ್ತು ತುರುಕಿದಳು. ಕೂಸು ನನ್ನ ಕಡೆಗೇ ನೋಡುತ್ತಿತ್ತು.

"ನೀನಾರ ಹೇಳೋ" ಅಂದಳು ಅಕ್ಕ.

"ತಿನ್ನವ್ವಾ, ಛಲೋ ಅದ" ಅಂದೆ. ಬೊಬ್ಬೆಯಿಲ್ಲದ ಕೈಯಲ್ಲಿ ಚಹಾದ ಬಸಿ ಹಿಡಿದಿದ್ದೆ.

ಕೆಲವು ವಾರ ಹೀಗೇ ಹೊಡೆದು ತಿನ್ನಿಸಿದಳು. ಆಮೇಲೆ ಹುಡುಗಿ ಬನ್ನು ಕಂಡರೆ ಸಾಕು, ವಾಂತಿ ಮಾಡಿಕೊಳ್ಳತೊಡಗಿದಳು. ಅಲ್ಲಿಗೆ ನಿಂತಿತು. ಮತ್ತೆ ಸಿಪ್ಪೆ ಅರೆಯಬಹುದಿತ್ತು. ಹಾಗೆ ಮಾಡಿದರೆ ಇಷ್ಟು ದಿನ ಏನು ಹಾಕಿದ್ದೆನೆಂದು ಹೇಳಬೇಕಾಗುತ್ತಿತ್ತು. ಅರೆಯಲಿಲ್ಲ.

ದೊಡ್ಡವಳಾದ ಮೇಲೆ ನೋಡಲು ಬಂದ ಗಂಡಿನ ಕಡೆಯವರು ಅವಳು ನಡೆಯುವುದನ್ನು ಕಂಡು ಚಹಾ ಸಹ ಮುಟ್ಟದೆ ಎದ್ದರು. ಬಾಗಿಲಲ್ಲೇ ಅಕ್ಕ ಚೀರಿದಳು: "ನಿನ್ನ ಮಾಮ ಅಷ್ಟು ಕಷ್ಟಪಟ್ಟ. ತಿನ್ನಲಿಲ್ಲ ಅಲ್ಲಾ, ಈಗ ಅನುಭವಿಸು, ಕುಂಟಿ!"

ಹುಡುಗಿ ಕಪ್ಪುಗಳನ್ನು ಎತ್ತುತ್ತ ನನ್ನ ಹತ್ತಿರ ಬಂದಾಗ ಸಣ್ಣ ದನಿಯಲ್ಲಿ ಕೇಳಿದಳು: "ಮಾಮಾ, ನಾ ಎಲ್ಲಾ ತಿಂದಿದ್ರ ಕಾಲು ನೆಟ್ಟಗ ಆಗ್ತಿದ್ದವಾ?"

"ಆಗ್ತಿದ್ದವು" ಅಂದೆ.