ಕೊರಟಗೆರೆಯವಳು ನನ್ನ ಫೈಲು ಬಿಟ್ಟು ಶೆಲ್ ತೆರೆದದ್ದು

ನಮ್ಮ ಸೋಲಾರ್ ಪಾರ್ಕಿನ ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರಿನ ಕಪ್ಪು ಪರದೆಗೆ ಕನ್ನಡ ಕಲಿಸಿದವಳು ನಾನು. ಅದಕ್ಕೆ ಶೆಲ್ ಎನ್ನುತ್ತೇವೆ. ತೆರೆದುಕೊಳ್ಳುವಾಗ ಅದು ಮೊದಲು ಒಂದು ಫೈಲು ಓದಿಕೊಳ್ಳುತ್ತದೆ. ಅದರಲ್ಲಿ ಬರೆದಂತೆ ನಡೆಯುತ್ತದೆ. ನಾನು ಬರೆದಿಟ್ಟ ಮೇಲೆ ಉದ್ದುದ್ದ ಇಂಗ್ಲಿಷ್ ಆಜ್ಞೆಗಳು ಯಾರಿಗೂ ಬೇಕಾಗಲಿಲ್ಲ. 'ವಳ್ಳೂರು' ಎಂದು ಹೊಡೆದರೆ ನಮ್ಮೂರ ಕಡೆಯ ಕರೆಂಟಿನ ರಿಪೋರ್ಟು, 'ಬುಡು' ಎಂದರೆ ಶೆಲ್ ಮುಚ್ಚಿಕೊಳ್ಳುತ್ತಿತ್ತು. ಎಲ್ಲರೂ ಅದನ್ನು 'ಅಕ್ಕನ ಫೈಲು' ಎನ್ನುತ್ತಿದ್ದರು.

ಆಮೇಲೆ ಕೊರಟಗೆರೆಯಿಂದ ಅವಳು ಬಂದಳು. ನನಗಿಂತ ಚಿಕ್ಕವಳು, ನಗುಮುಖ, ಬಾಯಿತುಂಬ 'ಅಕ್ಕ, ಅಕ್ಕ'. ಪಾರ್ಕಿನ ಕ್ಯಾತಗಾನಚೆರ್ಲು ಬ್ಲಾಕಿಗೆ ಇನ್‌ಚಾರ್ಜ್ ಹುಡುಕುತ್ತಿದ್ದ ಸಮಯ. ಆ ಕುರ್ಚಿಯಲ್ಲಿ ನಾನು ಮನಸ್ಸಿನಲ್ಲೇ ಕೂತಾಗಿತ್ತು.

ಒಂದು ಬೆಳಿಗ್ಗೆ ಯಾರ ಶೆಲ್ಲೂ ತೆರೆಯಲಿಲ್ಲ.

"ಏಮಮ್ಮಾ, ಏನಾಯ್ತು ನಿನ್ ಫೈಲ್ಗೆ?" ಎಂದರು ನಮ್ಮ ಸಾರ್. ಆಂಧ್ರ ಗಡಿಯವರು.

ನನ್ನ ಫೈಲು ವಳ್ಳೂರಿನ ಮಷೀನನ್ನು ಮಾತಾಡಿಸಿಯೇ ಮುಂದೆ ಹೋಗುತ್ತಿತ್ತು; ಆ ಮಷೀನು ಕೆಟ್ಟು ಕೂತಿತ್ತು. ಇದು ನನಗೆ ಹೊಳೆಯುವಷ್ಟರಲ್ಲಿ ಅವಳು, "ಅಕ್ಕ, ಇವತ್ತೊಂದಿನ ನಿಮ್ ಫೈಲು ಓದುಸ್ದೆ ತಗೀತೀನಿ, ಬೇಜಾರ್ ಮಾಡ್ಕೋಬ್ಯಾಡಿ" ಎನ್ನುತ್ತ, ಶೆಲ್ಲಿನ ಹೆಸರಿನ ಜೊತೆಗೆ 'ನೋ ಆರ್‌ಸಿ', ಅಂದರೆ ಫೈಲು ಓದಬೇಡ, ಎಂದು ಹೊಡೆದಳು. ಥಟ್ಟನೆ ತೆರೆಯಿತು. ಆ ಎರಡು ಪದ ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಫೈಲು ಬೇಡ ಎನ್ನುವವರೂ ಇರುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಸಾರ್ ಕೂತು ಕೆಲಸ ನೋಡಿ, ಮುಚ್ಚಲು 'ಬುಡು' ಎಂದು ಹೊಡೆದರು. ಅಂಥ ಆಜ್ಞೆಯೇ ಇಲ್ಲ ಎಂದಿತು ಶೆಲ್.

"ಇದೇನಮ್ಮಾ, ಬುಡು ಅಂದ್ರೂ ಬುಡ್ತಿಲ್ಲ!"

ಹಾಗೇ ಆಗಬೇಕು ಎಂದು ಒಳಗೊಳಗೇ ಕುಣಿದೆ.

"ಅದು ಅಕ್ಕನ ಫೈಲ್ನಾಗೆ ಐತೆ ಸಾರ್. ಕೆಟ್ಟಿರೋ ಮಷೀನಿನ ಸಾಲೊಂದು ಬುಟ್ಟು ಮಿಕ್ಕಿದ್ದೆಲ್ಲ ಓದುಸ್ತೀನಿ, ತಡೀರಿ" ಎಂದಳು. ಹಾಗೇ ಮಾಡಿದಳು ಕೂಡ. ನನ್ನ ಬಗ್ಗೆ ಒಂದು ಚಾಡಿ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ, ಪುಣ್ಯಾತ್ಗಿತ್ತಿ!

ಕುರ್ಚಿ ಅವಳ ಪಾಲಾಯಿತು. ಹೊರಡುವ ದಿನ ಬಂದು, "ಅಕ್ಕ, ನಿಮ್ ಫೈಲು ಕಾಪಿ ತಗೊಂಡೋಗ್ಲಾ? ಅದಿಲ್ದಿದ್ರೆ ಅಲ್ಲಿ ಕೈ ಕಟ್ದಂಗಾಯ್ತದೆ" ಎಂದಳು. ಕೊಟ್ಟೆ.

ಮೊನ್ನೆ ಅಲ್ಲಿಯ ಆಪರೇಟರೊಬ್ಬ ಯಾವುದೋ ಕೆಲಸಕ್ಕೆ ಫೋನ್ ಮಾಡಿದ್ದ. ಮಾತು ಮುಗಿಸುವ ಮುಂಚೆ ಭಾರಿ ಹುರುಪಿನಿಂದ ಹೇಳಿದ:

"ಮೇಡಂ, ನಮ್ ಮೇಡಮ್ಮೋರು ಒಂದು ಫೈಲು ಬರ್ದವ್ರೆ, ಎಲ್ಲಾ ಕನ್ನಡದಾಗೇ ನಡೀತದೆ! ನಿಮ್ಗೂ ಕಳುಸ್ಲಾ?"