ಅವರ ಕಾಲು ಎಂದೂ ಭಾರವಾಗಿರಲಿಲ್ಲ

ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ಮುಟ್ಟಿಸುವ ಚಾಲಕರ ಕೆಲಸ ಚೆನ್ನಾಗಿ ನಡೆದಷ್ಟೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿ ಈ ತಿಂಗಳು ನಿವೃತ್ತರಾಗುತ್ತಿರುವವರು ನಮ್ಮ ತೊಟ್ಟಿಲಣ್ಣ. ನನಗಿಂತ ಹತ್ತು ವರ್ಷ ಚಿಕ್ಕವರಾದರೂ ಎಲ್ಲರಂತೆ ನನಗೂ ಅವರು ಅಣ್ಣನೇ. ಅವರ ಗಾಡಿಯಲ್ಲಿ ಮಲಗಿದವರಿಗೆ ಹೊಟ್ಟೆಯೊಳಗಿನ ನೀರೂ ಅಲುಗುತ್ತಿರಲಿಲ್ಲ, ತೊಟ್ಟಿಲಲ್ಲಿ ಮಲಗಿದಂತಿತ್ತು ಎಂದು ಈ ಬೀಳ್ಕೊಡುಗೆ ಗ್ರಂಥದಲ್ಲಿ ಅನೇಕರು ಬರೆದಿದ್ದಾರೆ. ಅದೆಲ್ಲ ನಿಜ. ಆ ಮೆತ್ತನೆಯ ಓಟ ಎಲ್ಲಿಂದ ಬಂತೆಂಬುದು ಮಾತ್ರ ಇಷ್ಟು ದಿನ ನನಗೊಬ್ಬಳಿಗೇ ಗೊತ್ತಿತ್ತು. ಸಮಿತಿಯವರು ಎರಡು ಪುಟ ಕೇಳಿದ ಮೇಲೆ ಮೂರು ವಾರ ನಾನು ಕಾಗದ ಮುಟ್ಟದೆ ಕೂತದ್ದು ಅದಕ್ಕೇ.

ವಾಹನಗಳ ಶೆಡ್ಡಿಗೆ ನಾನು ಬಂದದ್ದು ನೆಲ ತೊಳೆಯುವುದಕ್ಕೆ. ನಲವತ್ತೆರಡನೆಯ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೆಸರು ಬರೆಸಿದಾಗ ಕೈಲಿ ಪೊರಕೆ ಹಿಡಿದವರೇ ನಕ್ಕರು. ನಗದವರು ತೊಟ್ಟಿಲಣ್ಣ ಒಬ್ಬರು. ಪಾಳಿ ಮುಗಿದ ಮೇಲೆ ಶಾಲೆಯ ತನಕ ಜೊತೆಗೆ ನಡೆದು ಬರುತ್ತಿದ್ದರು. ದಾರಿಯ ಅಂಗಡಿ ಬೋರ್ಡುಗಳನ್ನೆಲ್ಲ ನನ್ನ ಕೈಲಿ ಓದಿಸುತ್ತಿದ್ದರು. ನಾನು ತಡವರಿಸಿದರೆ, “ಓದಕ್ಕಾ, ನೀನು ತಪ್ಪು ಓದಿದ್ರೆ ಬೋರ್ಡೇನು ಕಳಚಿ ಬೀಳಲ್ಲ” ಎನ್ನುತ್ತಿದ್ದರು. ಆ ಮಾತಿನ ಬಲದಿಂದಲೇ ನಾನು ಏಳನೆಯ ತರಗತಿ ದಾಟಿದೆ, ಕಂಪ್ಯೂಟರ್ ಮುಂದೆ ಕೂರುವಷ್ಟಾದೆ. ಮೇಲ್ವಿಚಾರಕರು ನನಗೆ ಕುರ್ಚಿ ಕೊಟ್ಟು, ನಾಲ್ಕು ವ್ಯಾನುಗಳ ಡೀಸೆಲ್ ಹಾಳೆಯನ್ನು ಒಪ್ಪಿಸಿದರು.

ಹಾಳೆ ಸರಳವಾಗಿತ್ತು. ಒಬ್ಬೊಬ್ಬ ಚಾಲಕರಿಗೆ ಒಂದೊಂದು ಗಾಡಿ. ಟ್ಯಾಂಕ್ ಭರ್ತಿ ಮಾಡಿಸಿದಾಗಲೆಲ್ಲ ಚಾಲಕರು ಬಂಕಿನ ಚೀಟಿಯ ಹಿಂದೆ ಮೀಟರಿನ ಅಂಕಿ ಬರೆದು ತರಬೇಕು. ನಾನು ಹೆಸರು, ಓಡಿದ ಕಿಲೋಮೀಟರು, ಹಾಕಿಸಿದ ಲೀಟರು ತುಂಬಿದರೆ, ಲೀಟರಿಗೆ ಎಷ್ಟು ಓಡಿತೆಂದು ಮೇಲಿಂದ ಕೆಳಗಿಳಿಯುವ ಕೊನೆಯ ಸಾಲಿನಲ್ಲಿ ಯಂತ್ರವೇ ಲೆಕ್ಕ ಹಾಕಿ ತೋರಿಸುತ್ತಿತ್ತು. ಮೊದಲ ತಿಂಗಳ ಹಾಳೆ ಮುಗಿಸಿ ನೋಡಿದೆ. ಹೆಸರುಗಳು ಹಿಂದುಮುಂದಾಗಿದ್ದವು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅಕಾರಾದಿಯಾಗಿ ಎಷ್ಟು ಚಂದ ಇರುತ್ತಿದ್ದವು. ಹಾಗೇ ಇರಲೆಂದು ಹೆಸರಿನ ಸಾಲನ್ನಷ್ಟೇ ಹಿಡಿದು ಜೋಡಿಸು ಎಂದೆ. ಯಂತ್ರ ನನಗೆ ಬಾರದ ಭಾಷೆಯಲ್ಲಿ ಏನೋ ಕೇಳಿತು. ಗೊತ್ತಿಲ್ಲವೆಂದು ಯಾರನ್ನಾದರೂ ಕರೆಯಬಹುದಿತ್ತು. ಕುರ್ಚಿ ಸಿಕ್ಕಿ ಇನ್ನೂ ತಿಂಗಳಾಗಿರಲಿಲ್ಲ, ಕರೆಯಲಿಲ್ಲ, ತೋಚಿದ ಗುಂಡಿ ಒತ್ತಿಬಿಟ್ಟೆ.

ಹೆಸರುಗಳು ಜಾಗ ಬದಲಿಸಿದವು. ಅಂಕಿಗಳು ಇದ್ದಲ್ಲೇ ಇದ್ದವು. ಮೀಸೆಯವರು ಎಂದು ನಾವು ಕರೆಯುತ್ತಿದ್ದ ಚಾಲಕರ ಹಳೆಯ ವ್ಯಾನಿನ ಏಳು ಪಾಯಿಂಟ್ ಎಂಟು ತೊಟ್ಟಿಲಣ್ಣನವರ ಹೆಸರಿನ ಮುಂದೆ ಬಂದು ಕೂತಿತು. ಇವರ ಅಂಕಿ ಅವರ ಮುಂದೆ ಹೋಯಿತು.

ಹಾಳೆಯನ್ನು ಗೋಡೆಗೆ ಅಂಟಿಸಿದರು. “ನನ್ನ ಗಾಡಿ ಹೊಗೆ ಕುಡ್ಕೊಂಡೇ ಓಡುತ್ತೇನೋ” ಎಂದು ಮೀಸೆಯವರೇ ನಕ್ಕರು. ಮೇಲ್ವಿಚಾರಕರು ನಗಲಿಲ್ಲ. ಹಳೇ ಗಾಡಿಯಲ್ಲೇ ಇಷ್ಟು ತಂದವನಿಗೆ ಒಳ್ಳೆ ಗಾಡಿ ಸಿಗಲಿ, ಕಾಲು ಭಾರ ಇರುವವನಿಗೆ ಹಳೆಯದೇ ಸಾಕು ಎಂದು ಎರಡನ್ನೂ ಅದಲುಬದಲು ಮಾಡಿಸಿದರು. ಸುಮ್ಮನೆ ಆಕ್ಸಿಲರೇಟರ್ ತುಳಿಯುವವರನ್ನು ನಮ್ಮ ಶೆಡ್ಡಿನಲ್ಲಿ ಕಾಲು ಭಾರದವರು ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿರಲಿಲ್ಲ. ಮುಂದಿನ ತಿಂಗಳು ಹಳೆಯ ವ್ಯಾನಿನಲ್ಲಿ ತೊಟ್ಟಿಲಣ್ಣನವರಿಗೆ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ನನ್ನ ಸುಳ್ಳು ಹಾಳೆ ಒಂದೇ ತಿಂಗಳಲ್ಲಿ ನಿಜವಾಗಿಬಿಟ್ಟಿತು.

ಇವರು ಯಾರ ಮೇಲೂ ದೂರು ಹೇಳಲಿಲ್ಲ. ಹಾಳೆಯನ್ನು ನಂಬಿ, ಹದಿನೈದು ವರ್ಷ ಗಾಡಿ ಓಡಿಸಿದ ತಮ್ಮ ಕಾಲನ್ನೇ ಅನುಮಾನಿಸಿದರು. ಪೆಡಲು ತಿಳಿಯಲೆಂದು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಿಸತೊಡಗಿದರು. ಪ್ರತಿ ತಿಂಗಳ ಮೊದಲ ದಿನ ಕಿಟಕಿಯಲ್ಲಿ ತಲೆ ಹಾಕಿ, “ಅಕ್ಕಾ, ಈ ಸಲ ನನ್ನ ಕಾಲು ಹೇಗಿದೆ?” ಎಂದು ಕೇಳುತ್ತಿದ್ದರು. ಎಂಟು ಬಂತು, ಎಂಟೂವರೆ ಬಂತು. ಒಂಬತ್ತು ಬಂದ ದಿನ ನನಗೆ ಕೈ ಮುಗಿದು, “ನಿನ್ನ ಹಾಳೆ ನನ್ನನ್ನ ತಿದ್ದಿತು ನೋಡು” ಎಂದರು. ತಪ್ಪು ನನಗೆ ಆಗಲೇ ತಿಳಿದಿತ್ತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿಯದೆ ಜೋಡಿಸಿದರೆ ಒಬ್ಬರ ತಲೆ ಇನ್ನೊಬ್ಬರ ಹೆಗಲ ಮೇಲೆ ಕೂರುತ್ತದೆ ಎಂದು ಶಾಲೆಯ ಮೇಷ್ಟ್ರು ಹೇಳಿದ ಮರುದಿನವೇ ಬೆಳಿಗ್ಗೆ ಬಂದು ಚೀಟಿಗಳನ್ನು ತಾಳೆ ನೋಡಿದ್ದೆ. ಅಂದೇ ಹೇಳಿದ್ದರೆ ಅದು ಬರೀ ಎರಡು ತಿಂಗಳ ತಪ್ಪಾಗಿ ಮುಗಿಯುತ್ತಿತ್ತು. ಪೊರಕೆಗೆ ಮರಳಬೇಕಾದೀತೆಂದು ಬಾಯಿ ಬಿಡಲಿಲ್ಲ. ಅವರು ಮುಗಿದ ಕೈಗೂ ಸುಮ್ಮನೆ ತಲೆಯಾಡಿಸಿದೆ. ಆ ವ್ಯಾನು ಗುಜರಿಗೆ ಹೋಗುವವರೆಗೆ, ಒಂಬತ್ತು ವರ್ಷ, ಅವರು ಅದನ್ನೇ ಓಡಿಸಿದರು.

ಕಳೆದ ಭಾನುವಾರ ಇಲ್ಲಿಯವರೆಗಿನ ಬರಹವನ್ನೂ ಆ ತಿಂಗಳ ಚೀಟಿಗಳ ಡಬ್ಬಿಯನ್ನೂ ಹಿಡಿದು ಅವರ ಮನೆಗೆ ಹೋಗಿ, ಓದಿ ಹೇಳಿದೆ. ಬಟ್ಟೆ ಮಡಿಸುತ್ತಿದ್ದ ಅವರ ಹೆಂಡತಿ ಕೈ ನಿಲ್ಲಿಸಿದರು.

“ಕಾಲು ಭಾರ ಅಂತ ಇವ್ರು ಮನೆ ಮೆಟ್ಟಿಲನ್ನೂ ಮೆಲ್ಲಗೇ ಹತ್ತೋರು ಕಣಕ್ಕಾ. ಕಳ್ಳ ಬಂದ ಅಂತ ನಾನೆಷ್ಟು ಸಲ ಎದ್ದು ಕೂತಿದೀನೋ.”

ತೊಟ್ಟಿಲಣ್ಣ ನಗಲಿಲ್ಲ. ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: “ಆ ತಿಂಗಳು ನಂದೆಷ್ಟಿತ್ತು?”

“ಹನ್ನೊಂದು ಪಾಯಿಂಟ್ ನಾಲ್ಕು. ಶೆಡ್ಡಲ್ಲಿ ಅಷ್ಟು ಯಾರದೂ ಇರಲಿಲ್ಲ.”

ಚೀಟಿಗಳನ್ನು ಒಂದೊಂದಾಗಿ ತಿರುವಿ, ತಮ್ಮದೇ ಅಕ್ಷರವನ್ನು ದೂರ ಹಿಡಿದು ನೋಡಿದರು. “ಇದನ್ನ ಅವತ್ತೇ ಹೇಳ್ಬಹುದಿತ್ತಕ್ಕಾ” ಎಂದರು. ನಾನು ಕ್ಷಮೆ ಕೇಳಿದೆ. ಅವರು ಚೀಟಿಗಳನ್ನು ಮತ್ತೆ ಡಬ್ಬಿಗೆ ಜೋಡಿಸಿಟ್ಟರು. ಕ್ಷಮಿಸಲೇಬೇಕೆಂದು ಕೇಳುವ ಬಾಯಿ ನನಗೂ ಇಲ್ಲ. ಬಾಗಿಲ ತನಕ ಬಂದು ಹೇಳಿದ್ದು ಒಂದೇ ಮಾತು: “ಪುಸ್ತಕದಲ್ಲಿ ಹಾಕಿದ್ರೆ ನಂಬರ್ ಸರಿಯಾಗಿ ಹಾಕು.”

ಹಾಕಿದ್ದೇನೆ. ಸಮಿತಿಯವರು ಬೇರೇನನ್ನು ತೆಗೆದರೂ ಅದೊಂದನ್ನು ತೆಗೆಯಬಾರದೆಂದು ಬೇಡುತ್ತೇನೆ. ಬರುವ ತಿಂಗಳಿನಿಂದ ಅವರು ಹೊಸ ಚಾಲಕರಿಗೆ ಪಾಠ ಹೇಳಲಿದ್ದಾರೆ. ಆ ಪಾಠ ಬಹುಕಾಲ ನಡೆಯಲಿ, ಅದನ್ನು ನಡೆಸುವ ಆಯುಸ್ಸು ಆರೋಗ್ಯ ಅವರಿಗೆ ತುಂಬಿ ಬರಲಿ. ಇನ್ನಾದರೂ ಅವರು ತಮ್ಮ ಮನೆಯ ಮೆಟ್ಟಿಲನ್ನು ಸದ್ದು ಮಾಡಿಕೊಂಡೇ ಹತ್ತಲಿ.