ತಾಯವ್ವ ಹಿಡಿದ ಏಡಿ

ರಬಕವಿಯಲ್ಲಿ ಏಡಿ ಬೇಕಾದವರು ಹೊಳೆದಂಡೆಯ ತಾಯವ್ವನ ಮನೆ ಕೇಳಿಕೊಂಡು ಬರುತ್ತಿದ್ದರು. ಬಿಲಕ್ಕೆ ಕೈ ಹಾಕಿದರೆ ಒಳಗಿರುವುದು ಹಾವೋ ಏಡಿಯೋ ಎಂದು ಆಕೆಯ ಬೆರಳಿಗೇ ಗೊತ್ತಾಗುತ್ತಿತ್ತು. ಗಂಡ ಸತ್ತ ಮೇಲೆ ಮಗ ದುರಗೇಶನನ್ನು ಸಾಕಿದ್ದು ಅದೇ ಕೈ. ಹಿಪ್ಪರಗಿಯಲ್ಲಿ ಬ್ಯಾರೇಜು ಕಟ್ಟಿ ಹೊಳೆ ತುಂಬಿ ನಿಂತಾಗ ಹಳೆಯ ಬಿಲಗಳೆಲ್ಲ ಮುಳುಗಿದವು. ಆಗಿನಿಂದ ಆಕೆ ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಹಿಂದಿನ ಹಳ್ಳಕ್ಕೆ ಹೋಗುತ್ತಿದ್ದಳು.

ಸೊಸೆ ಅಂಜನಾಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಆರು ತಿಂಗಳು. ಮೈಯಲ್ಲಿ ಕಸುವು ಬರಲೆಂದು ತಾಯವ್ವ ದಿನ ಬಿಟ್ಟು ದಿನ ಏಡಿ ಸಾರು ಮಾಡಿ ಕುಡಿಸುತ್ತಿದ್ದಳು.

ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ಪ್ರತಿಮಾ ಎಂಬಾಕೆ ಹಿಂದೊಮ್ಮೆ ಪರೀಕ್ಷೆಗೆಂದು ಆ ಹಳ್ಳದ ಏಡಿ ಒಯ್ದಿದ್ದಳು. ಎರಡು ತಿಂಗಳಿಗೆ ತಿರುಗಿ ಬಂದಳು.

"ಯವ್ವಾ, ಬಣ್ಣದ ನೀರು ಹಳ್ಳಕ್ಕ ಬಂದು ಈ ಏಡ್ಯಾಗ ಸೀಸದ ವಿಷ ಸೇರೈತ್ರಿ. ತೊಳದ್ರೂ ಹೋಗೂದಿಲ್ಲ, ಕುದಿಸಿದ್ರೂ ಹೋಗೂದಿಲ್ಲ. ಬಸರ ಹೆಣ್ಮಕ್ಕಳಿಗಂತೂ ಕೊಡಬ್ಯಾಡ್ರಿ."

"ಆಗಲೇ ತಿಂದಿದ್ರ ಏನಾಕ್ಕೈತಿ?"

"ಹೊಟ್ಟ್ಯಾಗಿನ ಕೂಸಿಗೂ ಹತ್ತತೈತ್ರಿ."

ತಾಯವ್ವ ಬುಟ್ಟಿಯ ಏಡಿಗಳನ್ನು ಮಣ್ಣಲ್ಲಿ ಹೂತಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೂರು ದಿನ "ಏಡಿ ಸಿಗವಲ್ಲವು" ಎಂದಳು. ಸೊಸೆ ಸ್ವಲ್ಪ ಹೊತ್ತು ಸುಮ್ಮನೆ ಕೂತರೂ ತಾಯವ್ವ ಕೆಲಸ ಬಿಟ್ಟು ಬಂದು ಆಕೆಯ ಮುಖ ನೋಡುತ್ತಿದ್ದಳು. ನಾಲ್ಕನೆಯ ದಿನ ಅಂಜನಾ, "ಮುಂಜಾನಿಂದ ಕೂಸು ಹೊರಳವಲ್ಲದು ಅತ್ತಿ" ಎಂದಾಗ ತಡೆಯಲಾಗಲಿಲ್ಲ. ಎಲ್ಲ ಹೇಳಿದಳು.

ಅಂಜನಾ ಕೇಳಿದಳು: "ಮದಲಿನ ಎರಡೂ ಹಿಂಗಽ ಹೋದೂವೇನು?"

ತಾಯವ್ವ ಮಗನನ್ನು ಕರೆಯಲು ಓಡಿದಳು.

ಅಂದೇ ದುರಗೇಶ ಇಬ್ಬರನ್ನೂ ಜಮಖಂಡಿಯ ಡಾಕ್ಟರ ಬಳಿ ಕರೆದೊಯ್ದ. ಕೂಸಿನ ಎದೆಬಡಿತ ಕೇಳಿಸಿತು. ಅಂಜನಾಳ ರಕ್ತ ಪರೀಕ್ಷೆಗೆ ಬೆಳಗಾವಿಗೆ ಹೋಯಿತು. ಆ ಕಾಯುವ ದಿನಗಳಲ್ಲಿ ತಾಯವ್ವನಿಗೆ ಬೇರೆ ಮನೆಗಳು ನೆನಪಾದವು. ಬನಹಟ್ಟಿಯಲ್ಲಿ ಮೂವರು ಬಸುರಿಯರಿಗೆ ಆಕೆಯೇ ಏಡಿ ಕೊಟ್ಟಿದ್ದಳು. ನಡೆದೇ ಹೋದಳು. ಮೊದಲ ಮನೆಯಲ್ಲಿ ಬೋರವ್ವ ಎಂಬ ಮುದುಕಿ, "ನೀನಽ ಉಣಿಸಿ ಈಗ ನೀನಽ ಹೇಳಾಕ ಬಂದೀಯೇನಬೇ?" ಎಂದು ಬಾಗಿಲು ಹಾಕಿಕೊಂಡಳು. ತಾಯವ್ವ ಉಳಿದೆರಡು ಮನೆಗೂ ಹೋಗಿ ಹೇಳಿದಳು.

ರಕ್ತದಲ್ಲಿ ಸೀಸವಿತ್ತು. "ತಿನ್ನೂದು ಬಿಡ್ರಿ, ನಾವು ನೋಡಿಕೋತ ಇರೂಣು. ಕೂಸಿಂದು ಈಗಽ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರು.

ಶ್ರಾವಣದಲ್ಲಿ ಹೆಣ್ಣು ಕೂಸು ಹುಟ್ಟಿತು. ತೂಕ ಕಡಿಮೆ, ಅಳು ಗಟ್ಟಿ. ತಾಯವ್ವ ಹಳ್ಳಕ್ಕೆ ಹೋಗುವುದನ್ನು ಬಿಟ್ಟು ನೇಕಾರರ ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತತೊಡಗಿದಳು. ಕೂಸಿಗೆ ಒಂದೂವರೆ ವರ್ಷವಾದರೂ ಮಾತು ಬರಲಿಲ್ಲ. ಕೆಲವರಿಗೆ ತಡವಾಗಿ ಬರುತ್ತದೆ ಎಂದು ನೆರೆಯವರು ಹೇಳಿದರು. ದಿನಾ ಮುಂಜಾನೆ ತಾಯವ್ವ, ಕಿವಿ ಕೇಳುತ್ತದೋ ಇಲ್ಲವೋ ನೋಡಲೆಂದು, ಅದರ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಿದ್ದಳು. ಕೂಸು ತಿರುಗಿ ನಗುತ್ತಿತ್ತು. ಮರುದಿನ ಮತ್ತೆ ಕರೆಯುತ್ತಿದ್ದಳು.